ಒಳಗೆ ಯಾರಿದ್ದೀರಿ?

ಕೇಳುಗರಿಗೆ ನಮಸ್ಕಾರ. ನಾನು, ಹಲವರು ಒಟ್ಟಿಗೆ ಲಾಗಿನ್ ಆಗಿ ಕೆಲಸ ಮಾಡುವ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವವನು. ಬೆಳಿಗ್ಗೆ ಬಂದು ಕೂತ ತಕ್ಷಣ ಒಂದೇ ಅಕ್ಷರದ ಕಮಾಂಡ್ ಒತ್ತುತ್ತೇನೆ: ಡಬ್ಲ್ಯೂ. ಯಾರು ಲಾಗಿನ್ ಆಗಿದ್ದಾರೆ, ಎಲ್ಲಿಂದ ಬಂದಿದ್ದಾರೆ, ಕೀಲಿ ಮುಟ್ಟಿ ಎಷ್ಟು ಹೊತ್ತಾಯಿತು, ಎಲ್ಲವೂ ಸಾಲಾಗಿ ಬರುತ್ತದೆ. ಬಾಗಿಲ ಬಳಿ ಚಪ್ಪಲಿ ಎಣಿಸಿ ಮನೆಯಲ್ಲಿ ಎಷ್ಟು ಜನರಿದ್ದಾರೆಂದು ತಿಳಿಯುವ ಹಾಗೆ. ಒಳಗಿರುವವರು ಮಲಗಿದ್ದಾರೋ ದುಡಿಯುತ್ತಿದ್ದಾರೋ, ಅದು ಚಪ್ಪಲಿಯಿಂದ ಗೊತ್ತಾಗುವುದಿಲ್ಲ.

ಕೆಲಸಕ್ಕೆ ಹೊಸತರಲ್ಲಿ ನಾನು ಎಡವಿದ್ದು ಅಲ್ಲೇ. ಒಬ್ಬರ ಹೆಸರಿನ ಮುಂದೆ ಐಡಲ್, ಅಂದರೆ ಕೀಲಿ ಮುಟ್ಟದ ಹೊತ್ತು, 9 ಗಂಟೆ ದಾಟಿತ್ತು. ಲಾಗೌಟ್ ಮರೆತು ಮನೆಗೆ ಹೋಗಿದ್ದಾರೆ ಅಂದುಕೊಂಡು ಅವರ ಶೆಲ್ಲಿಗೆ, ಅಂದರೆ ಅವರು ಟೈಪಿಸಿದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಮಿಗೆ, ತಕ್ಷಣ ಸಾಯಿಸುವ ಕಿಲ್ ಮೈನಸ್ 9 ಕೊಟ್ಟೆ. ಸ್ವಲ್ಪ ಹೊತ್ತಿಗೇ ಫೋನ್: "ಏನ್ರೀ, ರಾತ್ರಿಯಿಂದ ಓಡ್ತಿದ್ದ ಲೆಕ್ಕ ನಿಂತೇಹೋಯ್ತಲ್ರೀ!" ಐಡಲ್ ಅಳೆಯುವುದು ಬೆರಳುಗಳ ಬಿಡುವನ್ನು, ಓಡುವ ಪ್ರೋಗ್ರಾಮಿನದ್ದನ್ನಲ್ಲ. ಶೆಲ್ ಸತ್ತಾಗ ಅದರ ಮುಂದೆ ಓಡುತ್ತಿದ್ದ ಕೆಲಸಕ್ಕೆ ಲಿನಕ್ಸಿನ ತಿರುಳಾದ ಕರ್ನೆಲ್ ಒಂದು ಸೂಚನೆ, 1ನೇ ಸಿಗ್ನಲ್, ಕಳಿಸುತ್ತದೆ. ಅದರ ಹೆಸರು ಹ್ಯಾಂಗಪ್. ಕೀಲಿಮಣೆ, ಪರದೆಯಿದ್ದ ಟರ್ಮಿನಲ್‌ಗಳು ಟೆಲಿಫೋನ್ ತಂತಿಯಲ್ಲಿ ಸರ್ವರಿಗೆ ಸೇರುತ್ತಿದ್ದ ಕಾಲದ ಮಾತು, ಆ ಕಡೆಯವರು ಫೋನ್ ಇಟ್ಟರು ಅಂತ.

ಈಗ ಮೊದಲು ಓಡುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಪಿಎಸ್ ಕಮಾಂಡ್ ಹಾಕಿ ಆ ಟರ್ಮಿನಲ್‌ನಲ್ಲಿ ಏನಿದೆ ನೋಡುತ್ತೇನೆ. ಸರ್ವರ್ ರೀಬೂಟ್ ಇದ್ದರೆ ವಾಲ್ ಕಮಾಂಡಿನಲ್ಲಿ ಎಲ್ಲರಿಗೂ ಕೂಗಿ ಹೇಳುತ್ತೇನೆ. ಯಾರನ್ನಾದರೂ ಹೊರಗೆ ಕಳಿಸಲೇಬೇಕಾದರೆ, ಮುಗಿಸು ಎನ್ನುವ 15ನೇ ಸಿಗ್ನಲ್ ವಿನಯದ್ದು ಅನ್ನುತ್ತಾರೆ. ಆದರೆ ಪ್ರಾಂಪ್ಟ್ ಹಿಡಿದು, ಅಂದರೆ ಮುಂದಿನ ಕಮಾಂಡಿಗೆ ಕಾಯುತ್ತ, ಕೂತ ಬ್ಯಾಶ್ ಎಂಬ ಶೆಲ್ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ! ಅದಕ್ಕೆ ಹ್ಯಾಂಗಪ್ಪೇ ಆಗಬೇಕು.

ರಾತ್ರಿಯಿಡೀ ಓಡುವ ಕೆಲಸವನ್ನು ಟಿಮಕ್ಸ್ ಎಂಬ ಪ್ರೋಗ್ರಾಮಿನ ಒಳಗೆ ಹಾಕಿ ಅಂತ ಎಲ್ಲರಿಗೂ ಹೇಳುತ್ತೇನೆ, ನೆಟ್ ಹೋದರೂ ಅದು ಬದುಕಿರುತ್ತದೆ. 2016ರಲ್ಲಿ, ಲಿನಕ್ಸಿನ ಸೇವೆ, ಲಾಗಿನ್ನುಗಳನ್ನು ನಿಭಾಯಿಸುವ ಸಿಸ್ಟಮ್‌ಡಿ ಎಂಬ ಪ್ರೋಗ್ರಾಮಿನ 230ನೇ ಆವೃತ್ತಿ ಬಂದಾಗ ಮಾತ್ರ ಲಾಗೌಟ್ ಆದ ಕೂಡಲೇ ಟಿಮಕ್ಸನ್ನೂ ಮುಗಿಸುವುದು ಡೀಫಾಲ್ಟ್ ಆಗಿ, ದೊಡ್ಡ ಜಗಳವೇ ಆಯಿತು. ಲಿನಕ್ಸಿನದೇ ಒಂದು ರೂಪವಾದ ಡೆಬಿಯನ್‌ನವರು ಅದನ್ನು ತಿರುಗಿಸಿಟ್ಟರು. ನನ್ನ ಮತವೂ ಅವರ ಕಡೆಗೇ.

ಮರೆತು ಹೋಗುವವರಿಗಾಗಿ ಶೆಲ್‌ನಲ್ಲಿ ಟಿ-ಎಂಔಟ್ ಎಂಬ ಗಡುವನ್ನು 1800 ಸೆಕೆಂಡಿಗೆ ಇಟ್ಟಿದ್ದೇನೆ, ಅಂದರೆ ಅರ್ಧ ಗಂಟೆ. ಪ್ರಾಂಪ್ಟ್ ಮುಂದೆ ಸುಮ್ಮನೆ ಕೂತ ಶೆಲ್ಲನ್ನಷ್ಟೇ ಅದು ಮುಚ್ಚುತ್ತದೆ, ಓಡುವ ಕೆಲಸದ ತಂಟೆಗೆ ಹೋಗುವುದಿಲ್ಲ. ವಿಐ ಎಂಬ ಎಡಿಟರಿನಲ್ಲಿ ಫೈಲ್ ತೆರೆದಿಟ್ಟು ಊಟಕ್ಕೆ ಹೋಗುವವರನ್ನೂ ಮುಟ್ಟುವುದಿಲ್ಲ, ಅದೇ ತೊಂದರೆ. ಅವರಿಗೆ ನಾನೇ ಫೋನ್ ಮಾಡಬೇಕು.