ಡಬಲ್ಸ್ ಅರ್ಧ ಆಟವಲ್ಲ

ನಮಸ್ಕಾರ. ಇವತ್ತು ಬೇರೆಯದೇ ವಿಷಯ ಮಾತನಾಡಬೇಕಿತ್ತು, ಅದನ್ನು ಪಕ್ಕಕ್ಕಿಟ್ಟಿದ್ದೇನೆ. ನಿನ್ನೆ ಬೆಳಿಗ್ಗೆ ತುಮಕೂರಿನಲ್ಲಿ ಶಟಲ್ ಆಡಿ ಮುಗಿಸಿ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿದ್ದೆವು. ಬ್ಯಾಡ್ಮಿಂಟನ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಅವರ ಮಾತು ಬಂತು. ಎದುರಿಗಿದ್ದ ಹಿರಿಯರೊಬ್ಬರು ಚಟ್ನಿ ಹಾಕಿಸಿಕೊಳ್ಳುತ್ತ, "ಆಕೆ ಆಡಿದ್ದು ಡಬಲ್ಸ್ ತಾನೆ? ಅರ್ಧ ಆಟ, ಅರ್ಧ ಪದಕ" ಎಂದುಬಿಟ್ಟರು. ನನಗೆ ತುತ್ತು ಇಳಿಯಲಿಲ್ಲ.

ಅರ್ಧವಂತೆ! 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜ್ವಾಲಾ ಗುಟ್ಟಾ ಜೊತೆ ಚಿನ್ನ. ಮರುವರ್ಷ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಅಲ್ಲಿ ಮಹಿಳೆಯರ ಡಬಲ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ. 2012, 2016, 2024, ಮೂರು ಒಲಿಂಪಿಕ್ಸ್. ಪ್ಯಾರಿಸ್ಸಿಗೆ ಹೋದಾಗ ಅಶ್ವಿನಿಗೆ 34, ಜೊತೆಗಾತಿ ತನಿಷಾ ಕ್ರಾಸ್ಟೊಗೆ 21. ಇದರಲ್ಲಿ ಅರ್ಧ ಯಾವುದು, ಹೇಳಿ?

ಸಿಂಗಲ್ಸ್ ಅಂಗಳದ ಅಗಲ 5.18 ಮೀಟರ್, ಡಬಲ್ಸ್‌ನದು 6.1. ಜಾಗ ಹೆಚ್ಚಿದ್ದು ಒಂದು ಮೀಟರೂ ಇಲ್ಲ, ಆಡುವವರು ಮಾತ್ರ ಇಮ್ಮಡಿ. ಶಟಲ್ ಬೀಳಿಸಲು ಬಯಲೇ ಸಿಗುವುದಿಲ್ಲ. ಹೊಡೆದದ್ದು ಕಣ್ಣು ಮಿಟುಕಿಸುವುದರೊಳಗೆ ಮುಖಕ್ಕೇ ಮರಳುತ್ತದೆ. ನನ್ನ ಮಗಳು ಡಬಲ್ಸ್ ಆಡುತ್ತಾಳೆ. ಅವಳ ಜೊತೆಗಾತಿ ಸರ್ವ್ ಮಾಡುವ ಮುನ್ನ ಬೆನ್ನ ಹಿಂದೆ ಎರಡು ಬೆರಳು ತೋರಿಸುತ್ತಾಳೆ; ಹಿಂದೆ ನಿಂತ ಇವಳು ಅರ್ಧ ಹೆಜ್ಜೆ ಎಡಕ್ಕೆ ಸರಿಯುತ್ತಾಳೆ. ಮಾತಿಲ್ಲ, ಕತೆಯಿಲ್ಲ. ಆ ಅರ್ಧ ಹೆಜ್ಜೆಗೆ ಎರಡು ವರ್ಷ ಬೆವರು ಸುರಿದಿದೆ.

"ಒಲಿಂಪಿಕ್ ಪದಕ ಬಂತೇ?" ಎಂದು ಇನ್ನೊಬ್ಬರು ಕೇಳಿದರು. ಬರಲಿಲ್ಲ. 2012ರಲ್ಲಿ ಗುಂಪಿನ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದೂ ಅಂಕಗಳ ಲೆಕ್ಕದಲ್ಲಿ ಹೊರಬಿದ್ದರು. ಆ ಸಂಕಟ ಏನೆಂದು ಇಡ್ಲಿ ಮುಂದೆ ಕುಳಿತು ತೀರ್ಪು ಕೊಡುವವರಿಗೆ ತಿಳಿಯುವುದಾದರೂ ಹೇಗೆ?

ಈ ಮಾತು ನಿಮಗೆ ಸರಿ ಕಂಡರೆ ಚಾನೆಲ್‌ಗೆ ಚಂದಾದಾರರಾಗಿ, ಮನೆಯ ಹೆಣ್ಣುಮಕ್ಕಳಿಗೂ ಕೇಳಿಸಿ. ಮುಂದಿನ ವಾರ ರಾಕೆಟ್‌ಗೆ ತಂತಿ ಬಿಗಿಸುವುದರ ಬಗ್ಗೆ ಹೇಳುತ್ತೇನೆ.

ಸಿಂಗಲ್ಸ್‌ನಲ್ಲಿ ಸಿಂಧು ದೊಡ್ಡವರು, ಸೈನಾ ದೊಡ್ಡವರು, ಯಾರು ಇಲ್ಲ ಎಂದರು? ಅವರನ್ನು ಹೊಗಳಲು ಅಶ್ವಿನಿಯನ್ನು ಅರ್ಧ ಮಾಡಬೇಕೇ? ಅರ್ಧವಲ್ಲ. ಇನ್ನೊಮ್ಮೆ ಹೇಳುತ್ತೇನೆ, ಅರ್ಧವಲ್ಲ! ಯಜಮಾನರೇ, ನೀವು ಇದನ್ನು ನೋಡುತ್ತೀರಿ ಎಂದು ಗೊತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ ಬನ್ನಿ. ನೀವು ನೆಟ್ ಬಳಿ ನಿಲ್ಲಿ, ಆಚೆಯಿಂದ ನನ್ನ ಮಗಳು ಸ್ಮ್ಯಾಶ್ ಹೊಡೆಯುತ್ತಾಳೆ.