ಹಳೇ ಕೀಬೋರ್ಡಿಗೆ ಹೊಸ ಸೌಂಡ್ ಮಾಡ್ಯೂಲ್: ಮಿಡಿ ಅಡಾಪ್ಟರ್ ತಲೆಬಿಸಿ

ಎಡಗಡೆ ಇರುವುದು ನನ್ನ ಹಳೇ ಕೀಬೋರ್ಡ್. ಬಲಗಡೆ ಹೊಸ ಸೌಂಡ್ ಮಾಡ್ಯೂಲ್. ಇದರಲ್ಲಿ ನುಡಿಸಿದರೆ ಅದರಲ್ಲಿ ಸದ್ದು ಬರಬೇಕು, ಇವತ್ತಿನ ಕೆಲಸ ಅಷ್ಟೇ.

ಮಿಡಿ ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಮಾತಾಡುವ ಭಾಷೆ. ಅದರ ಕೇಬಲ್‌ನಲ್ಲಿ ಸದ್ದು ಹೋಗುತ್ತದಾ ಅಂತ ತುಂಬಾ ಜನ ಕೇಳುತ್ತೀರಿ, ಅದಕ್ಕೆ ಮೊದಲೇ ಹೇಳುತ್ತೇನೆ. ಮಿಡಿ ಕೇಬಲ್‌ನಲ್ಲಿ ಸದ್ದು ಹೋಗುವುದಿಲ್ಲ. ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಯಾವಾಗ ಬಿಟ್ಟಿರಿ, ಇಂಥ ಮಾಹಿತಿ ಮಾತ್ರ ಹೋಗುತ್ತದೆ. ಸದ್ದು ಹುಟ್ಟುವುದು ಮಾಡ್ಯೂಲ್‌ನಲ್ಲಿ. ಸ್ಪೀಕರ್ ವೈರ್ ಅಲ್ಲಿಂದ ಎಳೆದಿರುವುದು ಅದಕ್ಕೇ.

ಕೀಬೋರ್ಡಿನ ಔಟ್‌ನಿಂದ ಮಾಡ್ಯೂಲ್‌ನ ಇನ್‌ಗೆ. ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಕೀಬೋರ್ಡಿನಲ್ಲಿ 5 ಪಿನ್ನಿನ ದುಂಡನೆ ಸಾಕೆಟ್, ಮಾಡ್ಯೂಲ್‌ನಲ್ಲಿ 3.5 ಎಂಎಂ ಸಣ್ಣ ತೂತು. ಮಧ್ಯೆ ಒಂದು ಅಡಾಪ್ಟರ್ ಬೇಕು. ಆನ್‌ಲೈನ್‌ನಲ್ಲಿ ತರಿಸಿದೆ, 650 ರೂಪಾಯಿ. ಗೇಣುದ್ದದ ವೈರಿಗೆ 650! ಹೋಗಲಿ, ಹಾಕಿದರೆ ಒಂದು ನೋಟ್ ಕೂಡ ಬರಲಿಲ್ಲ.

ಯಾಕೆ ಅಂದರೆ, ಈ ಅಡಾಪ್ಟರ್‌ನಲ್ಲಿ ಎರಡು ಥರ ಇದೆ, ಟೈಪ್ ಎ ಮತ್ತು ಟೈಪ್ ಬಿ. ಮಿಡಿ ಸಿಗ್ನಲ್ ಹೋಗುವುದು 4 ಮತ್ತು 5ನೇ ಪಿನ್ನಿನಲ್ಲಿ. ಟೈಪ್ ಎಯಲ್ಲಿ ಜ್ಯಾಕಿನ ತುದಿಗೆ 5ನೇ ಪಿನ್, ಅದರ ಹಿಂದಿನ ರಿಂಗಿಗೆ 4ನೇದು. ಟೈಪ್ ಬಿಯಲ್ಲಿ ಪೂರ್ತಿ ಉಲ್ಟಾ. 2018ರಲ್ಲೇ ಟೈಪ್ ಎ ಅಂತ ಸ್ಟ್ಯಾಂಡರ್ಡ್ ಮಾಡಿದ್ದಾರೆ. ಆದರೆ ಈ ಡಬ್ಬದ ಮೇಲೆ ಎ ಅಂತಲೂ ಇಲ್ಲ, ಬಿ ಅಂತಲೂ ಇಲ್ಲ. ಮಲ್ಟಿಮೀಟರ್ ಇಟ್ಟು ನೋಡಿದ ಮೇಲೆ ಗೊತ್ತಾಯಿತು, ಬಿ. ನನ್ನ ಮಾಡ್ಯೂಲ್‌ಗೆ ಬೇಕಿದ್ದದ್ದು ಎ. ಒಂದು ಅಕ್ಷರ ಅಚ್ಚು ಹಾಕುವುದಕ್ಕೆ ಏನು ಕಷ್ಟ, ಹೇಳಿ? ಗಣೇಶನ ಹಬ್ಬದ ಆರ್ಕೆಸ್ಟ್ರಾಗೆ ಇದನ್ನು ನಂಬಿ ಹೋದವರು ಸ್ಟೇಜ್ ಮೇಲೆ ಏನು ಮಾಡಬೇಕು? ನನಗೆ ನಿಜಕ್ಕೂ ಸಿಟ್ಟು ಬಂತು.

ಉಲ್ಟಾ ಹಾಕಿದರೆ ಮಾಡ್ಯೂಲ್ ಸುಟ್ಟುಹೋಗುತ್ತದೆ ಅಂತ ಭಯ ಬೇಡ. ಮಿಡಿ ಇನ್ ಸರ್ಕಿಟ್‌ನ ಡಿಸೈನ್‌ನಲ್ಲೇ ರಕ್ಷಣೆಗೆ ಒಂದು ಡಯೋಡ್ ಇದೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಪ್ಲಗ್, ಜ್ಯಾಕ್, ಶೀಲ್ಡ್ ಇರುವ ವೈರ್ ತಂದು ನಾನೇ ಬೆಸುಗೆ ಹಾಕಿದೆ. ಈ ಕಪ್ಪು ವೈರ್ ಅದೇ.

ಯುಎಸ್‌ಬಿ ಇರುವಾಗ ಈ ದುಂಡನೆ ಸಾಕೆಟ್ ಯಾಕೆ ಅಂತ ನಾನೇ ಹಳೇ ವಿಡಿಯೋದಲ್ಲಿ ಹೇಳಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಯುಎಸ್‌ಬಿಗೆ ಮಧ್ಯೆ ಲ್ಯಾಪ್‌ಟಾಪೋ ಇನ್ನೊಂದು ಹೋಸ್ಟೋ ಬೇಕು. ಇದಕ್ಕೆ ಏನೂ ಬೇಡ. 1983ರ ಜನವರಿಯಲ್ಲಿ, ಅಮೆರಿಕದ ನ್ಯಾಮ್ ಅನ್ನುವ ಸಂಗೀತ ವಾದ್ಯಗಳ ಮೇಳದಲ್ಲಿ, ಸೀಕ್ವೆನ್ಷಿಯಲ್ ಸರ್ಕಿಟ್ಸ್‌ನ ಪ್ರಾಫೆಟ್ 600 ಮತ್ತು ರೋಲ್ಯಾಂಡ್‌ನ ಜುಪಿಟರ್ 6 ಅನ್ನುವ ಎರಡು ಸಿಂಥಸೈಜರ್‌ಗಳನ್ನು ಹೀಗೇ ಒಂದಕ್ಕೊಂದು ಜೋಡಿಸಿ ತೋರಿಸಿದರು. ಪೈಪೋಟಿ ಕಂಪನಿಗಳು ಕೂತು ಒಂದೇ ಭಾಷೆ ಒಪ್ಪಿಕೊಂಡವು. ಅವತ್ತಿನ ಸಿಂಥ್ ಇವತ್ತಿನ ಮಾಡ್ಯೂಲ್‌ಗೂ ನೋಟ್ ಕಳಿಸುತ್ತದೆ ಅಂದರೆ ನನಗಂತೂ ತುಂಬಾ ಖುಷಿ. ಅಂಥದ್ದನ್ನು ಒಂದು ಅಡಾಪ್ಟರ್ ಹಾಳುಮಾಡಬಾರದು, ಅಲ್ವಾ?

ಸರಿ, ಕ್ಯಾಮೆರಾ ಬ್ಯಾಟರಿ ಕೆಂಪಾಯಿತು. ಕೀಬೋರ್ಡ್, ಮಾಡ್ಯೂಲ್ ಎರಡರಲ್ಲೂ ಮಿಡಿ ಚಾನೆಲ್ 1. ಕೀಬೋರ್ಡಿನ ಲೋಕಲ್ ಕಂಟ್ರೋಲ್ ಆಫ್, ಇಲ್ಲದಿದ್ದರೆ ಅದರ ಸದ್ದೂ ಸೇರಿಕೊಳ್ಳುತ್ತದೆ. ಸ್ಟ್ರಿಂಗ್ಸ್ ಹಾಕಿದ್ದೇನೆ, ಕೇಳಿ.