ಬೀಗ ಬೇಡ, ಹೆಸರು ಸಾಕು

ಕೇಳುಗರಿಗೆ ನಮಸ್ಕಾರ.

ಪಗಡೆ ಆಡೋದಕ್ಕೆ ಪುಸ್ತಕ ಬೇಕಿಲ್ಲ. ಹಾಸು, ಕಾಯಿ, ದಾಳ ಇದ್ದರಾಯಿತು, ನಿಯಮ ಅಜ್ಜಿಯ ಬಾಯಲ್ಲೇ ಇರುತ್ತದೆ. ಚೌಕಾಬಾರಕ್ಕಂತೂ ಜಗಲಿಯ ಮೇಲೆ ಸೀಮೆಸುಣ್ಣದ ಗೆರೆ, ನಾಲ್ಕು ಕವಡೆ, ಅಷ್ಟೇ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಆಟದ ಹಾಸುಗಳನ್ನು ಮಾಡಿಸಿದ ಈ ಮೈಸೂರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಇವತ್ತು ಮಾತಾಡುತ್ತಿರುವುದು ಬೇರೆ ಜಾತಿಯ ಆಟದ ಬಗ್ಗೆ, ಅದರ ಪುಸ್ತಕವನ್ನು ಪಿಡಿಎಫ್ ಆಗಿ ಮಾರುವುದರ ಬಗ್ಗೆ, ಅದರ ಕಳ್ಳ ಪ್ರತಿಗಳ ಬಗ್ಗೆ. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದೊಂದು ಪಾತ್ರವಾಗಿ ಮಾತು ಕಟ್ಟುತ್ತಾರೆ. ಏಟು ಬಿತ್ತೋ ತಪ್ಪಿತೋ ಅಂತ ತೀರ್ಮಾನಿಸೋದು ದಾಳ, ಹಲವು ಆಟಗಳಲ್ಲಿ ಇಪ್ಪತ್ತು ಮುಖದ್ದು. ಇದರಲ್ಲಿ ಹಾಸೂ ಕಾಯೂ ಇಲ್ಲದಿದ್ದರೂ ನಡೆಯುತ್ತದೆ. ಪುಸ್ತಕವೇ ಆಟ. ಹಾಗಾಗಿ ಪುಸ್ತಕದ ನಕಲು ಸಿಕ್ಕಿದರೆ ಆಟ ಪೂರ್ತಿ ಕೈಗೆ ಬಂದ ಹಾಗೆ.

ಈ ಬಗೆಯ ಮೊದಲ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಮೆರಿಕದಲ್ಲಿ ಅಚ್ಚಾಗಿದ್ದು 1974ರಲ್ಲಿ. ಪಿಡಿಎಫ್ ಮಾರಾಟ ಈ ಶತಮಾನದ ಆರಂಭದ ಮಾತು. ಡ್ರೈವ್‌ಥ್ರೂಆರ್‌ಪಿಜಿ ಎಂಬ ಮಳಿಗೆ 2004ರಲ್ಲಿ ಶುರುವಾದಾಗ ಕಡತಗಳಿಗೆ ಡಿಜಿಟಲ್ ಬೀಗ ಹಾಕಿ ಮಾರಿತು. ಕೊಂಡವರು ರೇಗಿದರು. ಕಾಸು ಕೊಟ್ಟವನಿಗೆ ಬೇರೆ ಕಂಪ್ಯೂಟರಿನಲ್ಲಿ ತೆರೆಯೋದಕ್ಕೂ ಪಾಡು, ಕದ್ದವನಿಗೆ ಯಾವ ತೊಂದರೆಯೂ ಇಲ್ಲ. ಕೊನೆಗೆ ಬೀಗ ಬಿಟ್ಟು, ಪುಟದ ಅಡಿಯಲ್ಲಿ ಕೊಂಡವರ ಹೆಸರು ಮತ್ತು ಆರ್ಡರ್ ಸಂಖ್ಯೆ ಸಣ್ಣಕ್ಷರದಲ್ಲಿ ಮುದ್ರಿಸುವ ವಾಟರ್‌ಮಾರ್ಕ್ ಪದ್ಧತಿಗೆ ಬಂದರು. ಅದೇ ಇವತ್ತಿಗೂ ನಡೆದುಕೊಂಡು ಬಂದಿದೆ.

ಬೀಗಕ್ಕಿಂತ ದೊಡ್ಡ ಎಡವಟ್ಟು 2009ರ ಏಪ್ರಿಲ್‌ನಲ್ಲಿ ಆಯಿತು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತರುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಪ್ರಕಾಶನ, ಹೊಸ ಪುಸ್ತಕದ ಕಳ್ಳ ಪ್ರತಿ ಹರಿದಾಡಿತೆಂದು ಎಂಟು ಜನರ ಮೇಲೆ ದಾವೆ ಹೂಡಿ, ಅದರ ಜೊತೆಗೇ ತನ್ನ ಎಲ್ಲ ಪಿಡಿಎಫ್‌ಗಳ ಮಾರಾಟ ನಿಲ್ಲಿಸಿಬಿಟ್ಟಿತು. ಮೊದಲೇ ದುಡ್ಡು ಕೊಟ್ಟವರಿಗೂ ಮತ್ತೆ ಇಳಿಸಿಕೊಳ್ಳುವ ದಾರಿ ಮುಚ್ಚಿತು. ನೆಗಡಿಗೆ ಮೂಗು ಕೊಯ್ದ ಹಾಗೆ. ಹಳೆಯ ಪುಸ್ತಕಗಳು ಮತ್ತೆ ಪಿಡಿಎಫ್ ಆಗಿ ಮಾರಾಟಕ್ಕೆ ಬಂದದ್ದು 2013ರಲ್ಲಿ. ಅದೇ 2009ರಲ್ಲಿ ಪೈಝೋ ಪ್ರಕಾಶನ ‘ಪಾತ್‌ಫೈಂಡರ್’ ಆಟದ ಮೂಲ ಪುಸ್ತಕವನ್ನು ಗಟ್ಟಿ ರಟ್ಟಿನಲ್ಲಿ 49.99 ಡಾಲರಿಗೆ, ಪಿಡಿಎಫ್‌ನಲ್ಲಿ 9.99 ಡಾಲರಿಗೆ ಇಟ್ಟಿತು. ಐದರಲ್ಲಿ ಒಂದು ಪಾಲು. ಇನ್ನು ‘ಎಕ್ಲಿಪ್ಸ್ ಫೇಸ್’ ಆಟದವರಂತೂ ಯಾರು ಬೇಕಾದರೂ ನಕಲಿಸಿ ಹಂಚಬಹುದೆನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಟ್ಟು, ಜನ ಒಬ್ಬರಿಂದೊಬ್ಬರು ಕಡತ ಇಳಿಸಿಕೊಳ್ಳುವ ಟೊರೆಂಟಿನಲ್ಲಿ ತಾವೇ ಹಂಚಿ, ಪುಸ್ತಕವನ್ನೂ ಮಾರಿದರು. ಇಳಿಸಿಕೊಂಡ ಪ್ರತಿಯೊಂದು ಕಳ್ಳ ಪ್ರತಿಯೂ ತಪ್ಪಿಹೋದ ಒಂದು ಮಾರಾಟ ಅನ್ನುವ ಲೆಕ್ಕವನ್ನು ನಂಬಬೇಡಿ. ಸಾವಿರ ಕಡತ ಕೂಡಿಟ್ಟವನು ಹತ್ತನ್ನೂ ತೆರೆದಿರುವುದಿಲ್ಲ.

ಈಗ ನಮ್ಮ ಕಡೆಯ ಮಾತು. ಶ್ರೀರಂಗಪಟ್ಟಣದ ಕೋಟೆಯ ಕಥೆಯನ್ನೋ, ಬನ್ನಿಮಂಟಪದ ಪಂಜಿನ ಕವಾಯತನ್ನೋ ಇಟ್ಟುಕೊಂಡು ಕನ್ನಡದಲ್ಲಿ ಒಂದು ಆಟದ ಪುಸ್ತಕ ಬರೆದಿದ್ದೀರಿ ಅಂದುಕೊಳ್ಳಿ. ಮೊದಲ ಎಡವು ಕಳ್ಳನಿಂದ ಬರೋದಿಲ್ಲ, ಫಾಂಟಿನಿಂದ ಬರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಪುಟ ಕಟ್ಟಿಸಿದರೆ ಕಣ್ಣಿಗೆ ಕನ್ನಡ ಕಂಡರೂ ಕಡತದೊಳಗೆ ಇರುವುದು ಅರ್ಥವಿಲ್ಲದ ರೋಮನ್ ಅಕ್ಷರ. ಆಟದ ನಡುವೆ ‘ಯುದ್ಧ’ ಅಂತ ಹುಡುಕಿದರೆ ಏನೂ ಸಿಗದು. ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡಿನಲ್ಲೇ ಟೈಪ್ ಮಾಡಿಸಿ. ಅಷ್ಟಕ್ಕೇ ಬಿಡಬೇಡಿ, ಪಿಡಿಎಫ್ ಆದಮೇಲೆ ಒತ್ತಕ್ಷರವಿರುವ ಐದಾರು ಪದ ಹುಡುಕಿ ನೋಡಿ. ಯೂನಿಕೋಡಿನಿಂದ ಬಂದದ್ದರಲ್ಲೂ ಒತ್ತು ಕಳಚಿ ಹುಡುಕಾಟ ಕೈಕೊಡುವುದುಂಟು. ಪುಟ ಎ5 ಅಳತೆಯಲ್ಲಿರಲಿ, ಒಂದೇ ಕಾಲಂ ಇರಲಿ. ಎ4 ಪುಟದ ಎರಡು ಕಾಲಂ ಅನ್ನು ಮೊಬೈಲಿನಲ್ಲಿ ಓದುವವನು ಬೆರಳಿನಲ್ಲಿ ಎಳೆದೂ ಎಳೆದೂ ಸೋಲುತ್ತಾನೆ. ಅಧ್ಯಾಯಕ್ಕೊಂದು ಬುಕ್‌ಮಾರ್ಕ್ ಹಾಕಿ. ಚಿತ್ರಗಳು ಅಚ್ಚಿನ ಕಡತಕ್ಕೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಪರದೆಯ ಕಡತಕ್ಕೆ 150 ಸಾಕು. ಸ್ಕ್ಯಾನ್ ಮಾಡಿದ ಕಳ್ಳ ಪ್ರತಿಯಲ್ಲಿ ಹುಡುಕಾಟವೂ ಸರಿಯಿರುವುದಿಲ್ಲ, ಬುಕ್‌ಮಾರ್ಕೂ ಇರುವುದಿಲ್ಲ. ನಿಮ್ಮ ಕಡತ ಅದಕ್ಕಿಂತ ಮೇಲಾಗಿದ್ದರೆ ಕೊಳ್ಳುವವನಿಗೆ ಕೊಳ್ಳೋದಕ್ಕೊಂದು ಕಾರಣ.

ಮಾರುವ ಮಳಿಗೆಯ ಪಾಲೂ ಗೊತ್ತಿರಲಿ. ಡ್ರೈವ್‌ಥ್ರೂಆರ್‌ಪಿಜಿಯಲ್ಲಿ ಬೇರೆ ಮಳಿಗೆಗಳಲ್ಲಿ ಮಾರುವುದಿಲ್ಲ ಎಂದು ಒಪ್ಪಿಕೊಂಡರೆ ಬರೆದವರಿಗೆ ನೂರಕ್ಕೆ 70, ಇಲ್ಲದಿದ್ದರೆ 65. ಇಚ್.ಐಒ ತಾಣದಲ್ಲಿ ಪಾಲು ನೀವೇ ಗೊತ್ತುಮಾಡಬಹುದು, ಏನೂ ಬದಲಿಸದಿದ್ದರೆ ಅವರು ಹಿಡಿಯುವುದು ನೂರಕ್ಕೆ 10.

ಪಾಸ್‌ವರ್ಡ್ ಹಾಕಿ ಮುದ್ರಣ ತಡೆಯೋಣ ಅನ್ನುವವರಿಗೆ ಒಂದು ಮಾತು. ಕಡತವನ್ನು ಯಾರು ಬೇಕಾದರೂ ತೆರೆಯಬಹುದು, ಮುದ್ರಿಸುವಂತಿಲ್ಲ ಅನ್ನುವ ನಿರ್ಬಂಧ ಬರೀ ಒಂದು ಸೂಚನೆ. ಅದನ್ನು ಲೆಕ್ಕಿಸದ ಪಿಡಿಎಫ್ ತಂತ್ರಾಂಶಗಳು ಬೇಕಾದಷ್ಟಿವೆ. ವಾಟರ್‌ಮಾರ್ಕೇ ವಾಸಿ. ನೀವೇ ನೇರವಾಗಿ ಮಾರುವುದಾದರೆ ಪಿಡಿಎಫ್‌ಟಿಕೆ ಎಂಬ ಉಚಿತ ತಂತ್ರಾಂಶದ ‘ಸ್ಟ್ಯಾಂಪ್’ ಆಜ್ಞೆಯಿಂದ ಹೆಸರಿರುವ ಒಂದು ಪುಟವನ್ನು ಎಲ್ಲ ಪುಟಗಳ ಮೇಲೂ ಒತ್ತಬಹುದು. ಮುಖಪುಟಕ್ಕೆ ಮಾತ್ರ ಒತ್ತಬೇಡಿ, ಆ ಒಂದು ಪುಟ ಕಿತ್ತರೆ ಮುಗಿಯಿತು. ಫೋನ್ ನಂಬರ್ ಹಾಕಲೇಬೇಡಿ. ಕಡತ ಸೋರಿದರೆ ಅದರ ಜೊತೆ ಗಿರಾಕಿಯ ನಂಬರೂ ಊರೂರು ಸುತ್ತುತ್ತದೆ.

ಹೆಸರು ಸಿಕ್ಕಿತೆಂದು ಗಿರಾಕಿಯ ಮೇಲೆ ಎಗರಿ ಬೀಳುವ ಮೊದಲು ಸರಸ್ವತಿಪುರಂ ಕಡೆಯ ಯಾವುದಾದರೂ ಜೆರಾಕ್ಸ್ ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹುಡುಗ ಪಿಡಿಎಫ್ ಅನ್ನು ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸುತ್ತಾನೆ. ಅವರು ಕಂಪ್ಯೂಟರಿನಲ್ಲಿ ಇಳಿಸಿ, ಮುದ್ರಿಸಿ, ಸ್ಪೈರಲ್ ಹಾಕಿ ಕೊಡುತ್ತಾರೆ. ಅವನು ಮನೆಗೆ ಹೋದ, ಕಡತ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿಯಿತು. ಮಾರನೆಯ ವಾರ ಯಾರದೋ ಪೆನ್‌ಡ್ರೈವಿಗೆ ಹೋಯಿತು. ವಾಟರ್‌ಮಾರ್ಕ್ ಯಾರ ಪ್ರತಿ ಅಂತ ಹೇಳುತ್ತದೆ, ಯಾರು ಹಂಚಿದರು ಅಂತ ಹೇಳುವುದಿಲ್ಲ. ತನ್ನ ಪ್ರತಿ ಮುದ್ರಿಸಿಕೊಳ್ಳಲು ಗಿರಾಕಿಗೆ ಅನುಮತಿ ಇದೆ ಎಂದು ಎರಡನೆಯ ಪುಟದಲ್ಲಿ ಬರೆದು, ಆಮೇಲೆ ಕಡತ ಅಳಿಸಿಸಿ ಅನ್ನುವ ಸಾಲನ್ನೂ ಸೇರಿಸಿ.

ಜೆರಾಕ್ಸ್ ವಿಷಯ ಬಂದಾಗೆಲ್ಲ ದೆಹಲಿ ಹೈಕೋರ್ಟಿನ 2016ರ ತೀರ್ಪನ್ನು ಎತ್ತುವವರಿದ್ದಾರೆ. ಅದು ಜೆರಾಕ್ಸಿಗೆ ಅವಕಾಶ ಕೊಟ್ಟದ್ದು ಪಾಠದ ಸಾಮಗ್ರಿಯ ವಿಷಯದಲ್ಲಿ, ಆಟದ ಪುಸ್ತಕಕ್ಕೆ ಅದನ್ನು ಎಳೆಯಬೇಡಿ. ಇನ್ನೊಂದು ಕಡೆ, ಆಟದ ನಿಯಮದ ಹಿಂದಿನ ಉಪಾಯಕ್ಕೆ ಹಕ್ಕುಸ್ವಾಮ್ಯ ಇಲ್ಲ, ಬರೆದ ಮಾತಿಗೆ, ಬರೆದ ಚಿತ್ರಕ್ಕೆ ಇದೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು, ಎಸ್‌ಆರ್‌ಡಿ 5.1 ಎಂಬ ಹೆಸರಿನಲ್ಲಿ, 2023ರ ಜನವರಿಯಲ್ಲಿ ವಿಝರ್ಡ್ಸ್‌ನವರೇ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟುಕೊಟ್ಟಿದ್ದಾರೆ. ಮೂಲ ಯಾರದೆಂದು ನಮೂದಿಸಿದರೆ ಅದನ್ನು ಕನ್ನಡಕ್ಕೆ ತಂದು ಮಾರಬಹುದು. ಕದಿಯುವ ಪ್ರಮೇಯವೇ ಇಲ್ಲ.

ಇಷ್ಟಾದರೂ ನಿಮ್ಮ ಪುಸ್ತಕ ಯಾವುದೋ ತಾಣದಲ್ಲಿ ಬಿದ್ದಿದ್ದರೆ? ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ನಿನಡಿ ತಾಣದವರಿಗೆ ಲಿಖಿತ ದೂರು ಕೊಡಬಹುದು. ಪುಸ್ತಕದ ಹೆಸರು, ಹಕ್ಕು ನಿಮ್ಮದೆನ್ನುವ ದಾಖಲೆ, ಕಡತವಿರುವ ಪುಟದ ಪೂರ್ತಿ ವಿಳಾಸ ಅದರಲ್ಲಿರಬೇಕು. ‘ನಿಮ್ಮ ತಾಣದಲ್ಲೆಲ್ಲೋ ಇದೆ’ ಅಂದರೆ ಯಾರೂ ಕದಲುವುದಿಲ್ಲ. ದೂರು ಸರಿಯಿದ್ದರೆ 21 ದಿನ ತಡೆಹಿಡಿಯುತ್ತಾರೆ, ಅಷ್ಟರಲ್ಲಿ ಕೋರ್ಟಿನ ಆದೇಶ ಬರದಿದ್ದರೆ ಮತ್ತೆ ತೆರೆಯಬಹುದು. ನೂರೈವತ್ತು ರೂಪಾಯಿಯ ಪುಸ್ತಕಕ್ಕೆ ಯಾರು ಕೋರ್ಟಿಗೆ ಅಲೆಯುತ್ತಾರೆ? ಆ 21 ದಿನದಲ್ಲಿ ಬೇರೆ ಕೆಲಸ ಮಾಡಿ. ಆಡಿದವರು ತೋರಿಸಿದ ತಪ್ಪು ತಿದ್ದಿ, ಹೊಸದೊಂದು ಕಥಾಪ್ರಸಂಗ ಸೇರಿಸಿ, ಆವೃತ್ತಿ 1.1 ಅಂತ ಮುಖಪುಟದಲ್ಲೇ ಹಾಕಿ, ಕೊಂಡವರಿಗೆಲ್ಲ ಪುಕ್ಕಟೆಯಾಗಿ ಕಳಿಸಿಕೊಡಿ. ಹೊರಗೆ ಸುತ್ತುತ್ತಿರುವ ಕಡತ ಆಗ ಹಳೇ ಪಂಚಾಂಗ.

ನಮಸ್ಕಾರ.